ಹಳೆಯ ಕಿಟ್‌ನಿಂದ ಹೊಸ ಕಟ್ಟಡ: ಮಾದರಿ ರೈಲು ಲೇಔಟ್‌ಗೆ ಗೋಡೆ ಕತ್ತರಿಸಿ ಜೋಡಿಸುವುದು ಹೇಗೆ?

ಮಾದರಿ ರೈಲಿನ ಹವ್ಯಾಸ ಇರುವವರ ಕಪಾಟಿನಲ್ಲಿ ಹಳೆಯ ಕಟ್ಟಡದ ಕಿಟ್‌ಗಳಿಗೆ (ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್‌ನ ಪುಟ್ಟ ಕಟ್ಟಡ) ಬರವಿಲ್ಲ. ಅರ್ಧಕ್ಕೆ ಬಿಟ್ಟ ಸ್ಟೇಷನ್, ಚಾವಣಿ ಕಳೆದುಹೋದ ಗೋದಾಮು, ಯಾರೋ ಕೊಟ್ಟ ಕಾರ್ಖಾನೆ. ಅವನ್ನು ಡಬ್ಬದ ಮೇಲಿನ ಚಿತ್ರದಂತೆಯೇ ಕಟ್ಟಿದರೆ ಬಲ್ಲವರು ನೋಡಿದ ಕೂಡಲೇ ‘ಓ, ಅದೇ ಕಿಟ್ ಅಲ್ವಾ?’ ಅಂತಾರೆ. ಬಣ್ಣ ಬದಲಿಸಿದರೂ ಅಷ್ಟೇ, ಕಣ್ಣು ಮೊದಲು ಗುರುತು ಹಿಡಿಯುವುದು ಆಕಾರವನ್ನು. ಎತ್ತರ, ಉದ್ದ, ಚಾವಣಿ ಇವುಗಳಲ್ಲಿ ಒಂದನ್ನಾದರೂ ಬದಲಿಸಲೇಬೇಕು.

ಮೊದಲು ಬಾಗಿಲು ಅಳೆಯಿರಿ. ಡಬ್ಬದ ಮೇಲೆ ಎಚ್‌ಒ ಅಂತ ಬರೆದಿದೆ ಎಂದು ಸುಮ್ನೆ ನಂಬಬೇಡಿ. ಎಚ್‌ಒ ಅನ್ನುವುದು ಮಾದರಿ ರೈಲಿನ ಒಂದು ಅಳತೆ: ನಿಜದ 87ರಲ್ಲಿ ಒಂದು ಪಾಲು (1:87), ಅಂದರೆ ಒಂದು ಅಡಿಗೆ ಸುಮಾರು 3.5 ಮಿ.ಮೀ. ಏಳು ಅಡಿಯ ಬಾಗಿಲು 24–25 ಮಿ.ಮೀ. ಇರಬೇಕು. 20 ಮಿ.ಮೀ. ಮಾತ್ರ ಇದ್ದರೆ ಆ ಕಟ್ಟಡವನ್ನು ಲೇಔಟ್‌ನ (ಹಳಿ, ಕಟ್ಟಡಗಳನ್ನೆಲ್ಲ ಕೂರಿಸಿದ ಮೇಜು) ಹಿಂಬದಿಗೆ ಕಳಿಸಿ. ಅಲ್ಲಿ ಚಿಕ್ಕದಾಗಿದ್ದರೆ ದೂರವಿದ್ದಂತೆ ಕಾಣುತ್ತದೆ, ಅದೂ ಲಾಭವೇ. ಇಲ್ಲವೇ ಬಾಗಿಲನ್ನಷ್ಟೇ ಬದಲಿಸಿ. ಕಾರ್ಖಾನೆಯ ಕಿಟಕಿ ಯಾವ ಗಾತ್ರದ್ದಾದರೂ ಯಾರೂ ಕೇಳುವುದಿಲ್ಲ. ಗುಟ್ಟು ಬಿಟ್ಟುಕೊಡುವುದು ಬಾಗಿಲು.

ಕಟ್ಟಿ ಮುಗಿಸಿದ ಕಿಟ್ ಆಗಿದ್ದರೆ ಬಿಚ್ಚಬೇಕು. ಕೆಲವು ಗಂಟೆ ಫ್ರೀಜರ್‌ನಲ್ಲಿಟ್ಟರೆ ಸೂಪರ್ ಗ್ಲೂ ಪೆಡಸಾಗಿ, ಮೆಲ್ಲಗೆ ತಿರುಚಿದಾಗ ಹೆಚ್ಚಿನ ಸಲ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಸಿಮೆಂಟಿನಿಂದ (ಪ್ಲಾಸ್ಟಿಕ್ಕನ್ನೇ ಕರಗಿಸಿ ಅಂಟಿಸುವ ಅಂಟು) ಅಂಟಿಸಿದ್ದರೆ ಎರಡು ತುಂಡು ಕರಗಿ ಒಂದಾಗಿರುತ್ತವೆ, ಗರಗಸವೇ ಗತಿ. ಹಳೆಯ ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಅಸಿಟೋನ್ ಹತ್ತಿರ ತರಬೇಡಿ, ಗೋಡೆಯೇ ಕರಗುತ್ತದೆ.

ಇನ್ನು ಕತ್ತರಿಸುವ ಮುಂಚೆ ಒಂದು ಕೆಲಸವಿದೆ. ಇದನ್ನು ಬಿಡುವವರೇ ಜಾಸ್ತಿ. ಗೋಡೆಗಳ ಜೆರಾಕ್ಸ್ ತೆಗೆದು, ಕಾಗದವನ್ನು ಕತ್ತರಿಸಿ, ಟೇಪ್ ಹಚ್ಚಿ, ಲೇಔಟ್ ಮೇಲೆ ನಿಲ್ಲಿಸಿ ನೋಡಿ. ಹಿನ್ನೆಲೆಯ ಹಲಗೆಗೆ ತಾಗಿ ನಿಲ್ಲುವ ಕಟ್ಟಡದ ಹಿಂದಿನ ಗೋಡೆ ಯಾರಿಗೂ ಕಾಣುವುದಿಲ್ಲ. ಅದನ್ನೂ ಮುಂದಕ್ಕೆ ತಂದು ಪಕ್ಕಕ್ಕೆ ಜೋಡಿಸಿದರೆ ಒಂದೇ ಕಿಟ್‌ನಲ್ಲಿ ಎರಡರಷ್ಟು ಉದ್ದದ ಕಾರ್ಖಾನೆ! ಆಳ ಎರಡು–ಮೂರು ಸೆಂ.ಮೀ. ಇದ್ದರೆ ಸಾಕು.

ಈಗ ಕತ್ತರಿ ಪ್ರಯೋಗ. ಗೋಡೆಯ ನಡುವೆ ಎಲ್ಲೆಂದರಲ್ಲಿ ಕೊಯ್ಯಬೇಡಿ. ಮೇಲಿಂದ ಕೆಳಕ್ಕೆ ಕೊಯ್ಯುವಾಗ ಕಂಬದ ಅಂಚು ಹಿಡಿಯಿರಿ, ಅಡ್ಡಕ್ಕೆ ಕೊಯ್ಯುವಾಗ ಇಟ್ಟಿಗೆ ಸಾಲಿನ ನಡುವಿನ ಗಾರೆ ಗೆರೆ ಹಿಡಿಯಿರಿ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಚಾಕುವನ್ನು ಹಗುರವಾಗಿ ಹಲವು ಸಲ ಎಳೆದು, ಆಮೇಲೆ ಮುರಿಯಿರಿ. ಗೋಡೆ ದಪ್ಪವಿದ್ದರೆ ರೇಜರ್ ಗರಗಸದಿಂದ (ತೆಳು ಅಲಗಿನ, ಸಣ್ಣ ಹಲ್ಲಿನ ಗರಗಸ) ಗೆರೆಯ ಹೊರಗೆ ಅರ್ಧ ಮಿ.ಮೀ. ಬಿಟ್ಟು ಕೊಯ್ದು, ಗಾಜಿನ ಮೇಲೆ ಹರಡಿದ 220, ಆಮೇಲೆ 400 ನಂಬರಿನ ಮರಳು ಕಾಗದದಲ್ಲಿ ಗೆರೆಯವರೆಗೆ ಉಜ್ಜಿ. ಎಷ್ಟೋ ಕಿಟ್‌ಗಳಲ್ಲಿ ಗೋಡೆಯ ಅಂಚು ಮೂಲೆಗೆ ಕೂರಲೆಂದು 45 ಡಿಗ್ರಿ ಓರೆಯಾಗಿರುತ್ತದೆ. ನೇರ ಗೋಡೆಯಾಗಿ ಜೋಡಿಸುವಾಗ ಆ ಓರೆಯನ್ನು ಪೂರ್ತಿ ತೆಗೆಯಬೇಕು. ಎರಡು ತುಂಡನ್ನೂ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಇನ್ನಷ್ಟು ಉಜ್ಜಿ. ಇಟ್ಟಿಗೆ ಸಾಲು ಎಷ್ಟು ಮಾಡಿದರೂ ಹೊಂದದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಸಂದಿಯ ಮೇಲೆ ಮಳೆನೀರಿನ ಪೈಪು ಇಳಿಸಿ.

ಅಂಟಿಸುವ ಜಾಗದಲ್ಲಿ ಬಣ್ಣ ಇರಕೂಡದು, ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಾಗಬೇಕು. ತೆಳು ಸಿಮೆಂಟನ್ನು ಹಿಂಬದಿಯಿಂದ ಬ್ರಷ್‌ನಲ್ಲಿ ಮುಟ್ಟಿಸಿದರೆ ಸಂದಿಯೇ ಅದನ್ನು ಎಳೆದುಕೊಳ್ಳುತ್ತದೆ. ಸಂದಿಯ ಹಿಂದೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಡ್ಡಲಾಗಿ ಅಂಟಿಸಿ, ರಾತ್ರಿಯಿಡೀ ಸಮತಟ್ಟಾಗಿ ಬಿಡಿ. ಕಿಟಕಿ ತೆರೆದಿರಲಿ, ವಾಸನೆ ಒಳ್ಳೆಯದಲ್ಲ.

ಚಾವಣಿ ಸುಲಭ. ಇಳಿಜಾರು ಚಾವಣಿ ಬಿಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಮಟ್ಟಸ ಚಾವಣಿ ಮಾಡಿ. ಅದರ ಮೇಲೆ 10 ಮಿ.ಮೀ. ಅಗಲದ ಮಾಸ್ಕಿಂಗ್ ಟೇಪ್ ಪಟ್ಟಿಗಳನ್ನು ಒಂದರ ಅಂಚಿನ ಮೇಲೊಂದು ಬರುವಂತೆ ಅಂಟಿಸಿ, ಕಡುಬೂದು ಬಳಿದರೆ ಮೂರಡಿ ಅಗಲದ ಡಾಂಬರು ಹಾಳೆಯ ಹಾಗೆ ಕಾಣುತ್ತದೆ. ಅಚ್ಚ ಕಪ್ಪು ಬೇಡ, ಆಟಿಕೆಯಂತೆ ಕಾಣುತ್ತದೆ.

ಒಳಗೆ ದೀಪ ಹಾಕುವುದಿದ್ದರೆ ಗೋಡೆಗಳ ಒಳಮೈಗೆ ಮೊದಲು ಕಪ್ಪು ಬಣ್ಣ ಬಳಿಯಿರಿ. ಇಲ್ಲದಿದ್ದರೆ ಹಳೆಯ ತೆಳು ಪ್ಲಾಸ್ಟಿಕ್‌ನಲ್ಲಿ ಇಡೀ ಕಟ್ಟಡ ಲಾಟೀನಿನ ಹಾಗೆ ಹೊಳೆಯುತ್ತದೆ. 12 ವೋಲ್ಟ್ ಡಿಸಿಗೆ ಒಂದು ಬಿಳಿ ಎಲ್‌ಇಡಿ, ಜೊತೆಗೆ ಸಾಲಾಗಿ 1 ಕಿಲೋಓಮ್ ರೆಸಿಸ್ಟರ್ ಸಾಕು.

ಹೊರಗೆ ಮ್ಯಾಟ್ (ಹೊಳಪಿಲ್ಲದ) ಪ್ರೈಮರ್, ಮೇಲೆ ಇಟ್ಟಿಗೆ ಬಣ್ಣ. ಒಣಗಿದ ಮೇಲೆ ನೀರು ಬೆರೆಸಿದ ತಿಳಿಬೂದು ಅಕ್ರಿಲಿಕ್ ಹಚ್ಚಿ, ತಕ್ಷಣ ಒರೆಸಿ. ಬಣ್ಣ ಗಾರೆ ಗೆರೆಗಳಲ್ಲಿ ಮಾತ್ರ ಉಳಿಯುತ್ತದೆ. ಕಿಟಕಿಯ ಪಾರದರ್ಶಕ ಹಾಳೆಯನ್ನು ಮ್ಯಾಟ್ ಸ್ಪ್ರೇ ಆದ ಮೇಲೆಯೇ ಅಂಟಿಸಿ, ಮೊದಲೇ ಹಾಕಿದರೆ ಮಂಜಾಗುತ್ತದೆ. ಲೇಔಟ್ ಮೇಲೆ ಕೂರಿಸುವಾಗ ಗೋಡೆಯ ಬುಡದಲ್ಲಿ ಸಂದು ಉಳಿದಿದ್ದರೆ ಮಣ್ಣು, ಹುಲ್ಲಿನ ಪುಡಿ ತುಂಬಿ, ನೀರು ಬೆರೆಸಿದ ಬಿಳಿ ಅಂಟು ತೊಟ್ಟಿಕ್ಕಿಸಿ.