ಕ್ಯಾಂಪರ್ ವ್ಯಾನಿನ ಅಲಾರಾಂ 4ಜಿಗೆ ಬಂದ ಬಗೆ: ನನ್ನ ಅನುಭವ

ಸಾಗರದ ಕಡೆಯ ತೋಟದ ಶೆಡ್ಡಿನಲ್ಲಿ ವರ್ಷದ ಬಹುಪಾಲು ನಿಂತೇ ಇರುವ ನನ್ನ ಟೆಂಪೊ ಟ್ರಾವೆಲರ್ ಕ್ಯಾಂಪರಿನ ಬಾಗಿಲು ತೆರೆದರೆ ಅಥವಾ ಬ್ಯಾಟರಿ ಇಳಿದರೆ ಬೆಂಗಳೂರಿನಲ್ಲಿರುವ ನನಗೆ ತಿಳಿಯಬೇಕಿತ್ತು. ಮಲೆನಾಡಿನಲ್ಲಿ ಎಸ್‌ಎಂಎಸ್ ಬಿಟ್ಟು ಡೇಟಾ ನೆಚ್ಚಿಕೊಂಡರೆ ಕೆಟ್ಟೆ ಎಂದು ಎಚ್ಚರಿಸಿದ್ದ ಗೆಳೆಯರಲ್ಲಿ ಇಬ್ಬರು, ಒಂದು ಮಳೆಗಾಲ ಪೂರ್ತಿ ಈ ವ್ಯವಸ್ಥೆ ತಡೆದುಕೊಂಡ ಮೇಲೆ, ನನ್ನ ವೈರಿಂಗ್ ಚಿತ್ರ ಕೇಳಿ ಪಡೆದಿದ್ದಾರೆ.

ಮೊದಲು ಹಾಕಿದ್ದು, ಸಿಮ್ ಕಾರ್ಡ್ ಮೂಲಕ ಮೊಬೈಲ್ ನೆಟ್‌ವರ್ಕಿಗೆ ಸೇರುವ, ಎಲ್ಲರೂ ಹಾಕುವ ಸಿಮ್800ಎಲ್. ಮುನ್ನೂರು ಚಿಲ್ಲರೆ ರೂಪಾಯಿಯ ಆ ಮಾಡ್ಯೂಲಿಗೆ 2ಜಿ ಮಾತ್ರ ಗೊತ್ತು. ಶೆಡ್ಡಿನಲ್ಲಿ ಚೆನ್ನಾಗಿ ಸಿಗುವುದು 2016ರಲ್ಲಿ 4ಜಿಯಿಂದಲೇ ಆರಂಭವಾದ ಜಿಯೋ, ಅದರಲ್ಲಿ 2ಜಿಯೇ ಇಲ್ಲ. ಬೇರೆ ಕಂಪನಿಯ 2ಜಿ ಸಿಮ್ ಹಾಕಿದಾಗ, ಕ್ಷೀಣ ಸಿಗ್ನಲ್‌ನಲ್ಲಿ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆಯುವ ಮಾಡ್ಯೂಲು ತಾನೇ ರೀಸೆಟ್ ಆಗುತ್ತಿತ್ತು. ದೊಡ್ಡ ಕೆಪಾಸಿಟರ್ ಹಾಕಿ ಅದನ್ನು ನಿಲ್ಲಿಸಿದೆ. ಆದರೆ ಮುಂದೆ ರೀಚಾರ್ಜ್ ಅವಧಿ ಮುಗಿದು ಅಲಾರಾಂ ಮೂಕವಾಯಿತು, ಮತ್ತು ಎಸ್‌ಎಂಎಸ್ ಪದ್ಧತಿಯಲ್ಲಿ ಎಲ್ಲವೂ ಸರಿಯಿದ್ದಾಗಲೂ ಸಂದೇಶ ಬಾರದಿರುವುದರಿಂದ ಅದು ಮೂಕವಾದದ್ದೇ ತಿಳಿಯಲಿಲ್ಲ.

ಬಳಿಕ 4ಜಿ ಬಲ್ಲ ಸಿಮ್7600 ಮಾಡ್ಯೂಲಿಗೆ ಹೋದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸುಮಾರು ಎರಡು ಸಾವಿರಕ್ಕೆ ಬಂದದ್ದು ಅಮೆರಿಕದ ಆವೃತ್ತಿ. ಅದರ 4ಜಿ ಬ್ಯಾಂಡ್‌ಗಳು 2, 4 ಮತ್ತು 12, ಜಿಯೋ ಬಳಸುವುದು 3, 5 ಮತ್ತು 40, ಒಂದೂ ತಾಳೆಯಾಗಲಿಲ್ಲ. ಮಾರಿದವನು ಹಣ ಹಿಂತಿರುಗಿಸಲಿಲ್ಲ. ಜಿಯೋ ಬ್ಯಾಂಡ್‌ಗಳಿರುವ ‘ಇ’ ಆವೃತ್ತಿಗೆ ನಾಲ್ಕೂವರೆ ಸಾವಿರದಷ್ಟು ತೆತ್ತೆ. ಸಿಮ್ ಹಾಕಿದ ಕೂಡಲೇ ನೆಟ್‌ವರ್ಕಿಗೆ ಸೇರಿತು. ತಗಡಿನ ಬಾಡಿಯ ಒಳಗೆ ಸಿಎಸ್‌ಕ್ಯೂ (ಮಾಡ್ಯೂಲು ತಿಳಿಸುವ ಸಿಗ್ನಲ್ ಬಲದ ಅಂಕ, ಗರಿಷ್ಠ 31) ಏಳನ್ನು ದಾಟುತ್ತಿರಲಿಲ್ಲ. ಆಂಟೆನಾವನ್ನು ಛಾವಣಿಗೇರಿಸಿ ಕೇಬಲನ್ನು ಆದಷ್ಟು ಮೋಟು ಮಾಡಿದಾಗ ಹದಿನೆಂಟರ ಆಸುಪಾಸಿಗೆ ಬಂತು.

ಗೆಳೆಯರು ನಂಬದಿದ್ದ ಭಾಗ ಮುಂದಿನದು. ವ್ಯಾನು ಎಂಕ್ಯೂಟಿಟಿ ಎಂಬ, ಉಪಕರಣಗಳ ನಡುವೆ ಸಣ್ಣ ಸಂದೇಶ ಸಾಗಿಸುವ ಪದ್ಧತಿಯ ಮೂಲಕ ಬಾಡಿಗೆ ಸರ್ವರಿಗೆ ಸದಾ ಅಂಟಿಕೊಂಡಿರುತ್ತದೆ. ಕೀಪ್‌ಅಲೈವ್, ಅಂದರೆ ‘ಬದುಕಿದ್ದೇನೆ’ ಎಂದು ವ್ಯಾನು ತಿಳಿಸುತ್ತಿರಬೇಕಾದ ಅಂತರ, 4 ನಿಮಿಷ. ಅದರ ಒಂದೂವರೆ ಪಟ್ಟು, ಅಂದರೆ 6 ನಿಮಿಷ, ಉಸಿರಿಲ್ಲದಿದ್ದರೆ ವ್ಯಾನು ಮೊದಲೇ ಒಪ್ಪಿಸಿಟ್ಟ ‘ಲಾಸ್ಟ್ ವಿಲ್’ (ಕೊನೆಯ ಉಯಿಲು) ಸಂದೇಶವನ್ನು ಬ್ರೋಕರೇ, ಅಂದರೆ ಆ ಸರ್ವರಿನಲ್ಲಿ ಸಂದೇಶ ಹಂಚುವ ತಂತ್ರಾಂಶವೇ, ಹೊರಡಿಸುತ್ತದೆ ಮತ್ತು ನಮ್ಮ ಮನೆಯ ಹಳೆಯ ಫೋನು ಕೂಗಿಕೊಳ್ಳುತ್ತದೆ. ಕಳ್ಳ ಮೊದಲು ಬ್ಯಾಟರಿ ತಂತಿ ಕಿತ್ತರೂ, ರೀಚಾರ್ಜ್ ಮುಗಿದರೂ ಸುದ್ದಿ ತಲುಪುತ್ತದೆ. ಕರೆಂಟ್ ಹೋಗಿ ಟವರೇ ಮಲಗಿದಾಗ ಬರುವ ಸುಳ್ಳು ಕೂಗನ್ನು ಸೋಸಲು ವ್ಯಾನಿನ ಹೊರಗಿನ ಇನ್ನೊಂದು ಸಾಕ್ಷಿ ಬೇಕು. ಅದು ಯಾವುದೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇದರ ನಡುವೆ ಗ್ಯಾಸ್ ಸೋರಿಕೆಗೆಂದು ಎಂಕ್ಯೂ-6 ಸೆನ್ಸರನ್ನೂ ಜೋಡಿಸಿ ನೋಡಿದೆ. ಅದರ ಹೀಟರು 5 ವೋಲ್ಟಿನಲ್ಲಿ 150 ಮಿಲಿಆಂಪಿಯರ್‌ನಷ್ಟು ಸದಾ ಕುಡಿಯುತ್ತದೆ, 12 ವೋಲ್ಟಿನ ಬ್ಯಾಟರಿಯಿಂದ ದಿನಕ್ಕೆ ಹೆಚ್ಚುಕಡಿಮೆ 2 ಆಂಪಿಯರ್-ಗಂಟೆ ಹೋಗುತ್ತದೆ, ಮತ್ತು ಶೆಡ್ಡಿನೊಳಗೆ ಸೋಲಾರ್ ಬಿಸಿಲು ಕಾಣದು. ಆದ್ದರಿಂದ ವ್ಯಾನು ನಿಂತಿರುವಾಗ ಸಿಲಿಂಡರಿನ ರೆಗ್ಯುಲೇಟರ್ ಕಳಚಿಟ್ಟು, ಸೆನ್ಸರಿಗೆ ಪ್ರಯಾಣದ ವೇಳೆ ಮಾತ್ರ ಕರೆಂಟ್ ಕೊಡುತ್ತಿದ್ದೇನೆ. ಹಳೆಯ ಆಂಡ್ರಾಯ್ಡ್ ಫೋನನ್ನೇ ವ್ಯಾನಿನಲ್ಲಿಡುವ ಪ್ರಯೋಗ, ಬೇಸಿಗೆಯಲ್ಲಿ ಅದರ ಬ್ಯಾಟರಿ ಉಬ್ಬಿದಾಗ ಕೊನೆಗೊಂಡಿತು.

ಒಟ್ಟು ಖರ್ಚು ಒಂಬತ್ತು ಸಾವಿರದ ಸುತ್ತಮುತ್ತ, ಅದರಲ್ಲಿ ಎರಡೂವರೆ ಸಾವಿರ ಹಾಳಾದ ಬಾಬತ್ತು. ಸರ್ವರಿನ ಬಾಡಿಗೆ ತಿಂಗಳಿಗೆ ಮುನ್ನೂರೈವತ್ತರಷ್ಟು, ರೀಚಾರ್ಜ್ ಬೇರೆ.