ಮಳೆ ಕೊರತೆಯ ನಕ್ಷೆ: ಬಣ್ಣದ ನಡುವೆ ಸೊನ್ನೆಯನ್ನು ನಿಲ್ಲಿಸುವುದು ಹೇಗೆ?

ವಾಡಿಕೆಗಿಂತ ಎಲ್ಲಿ ಮಳೆ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂಬುದನ್ನು ಜಿಲ್ಲಾವಾರು ನಕ್ಷೆಯಲ್ಲಿ ತೋರಿಸಲು ಡೈವರ್ಜಿಂಗ್ ಕಲರ್ ಸ್ಕೇಲ್ ಬೇಕು: ನಡುವೆ ತೆಳು ಬಣ್ಣ, ಎರಡು ತುದಿಗಳಲ್ಲಿ ಎರಡು ಬೇರೆ ಗಾಢ ಬಣ್ಣ. ನಡು ಯಾವುದೆಂದು ನೀವು ಹೇಳದಿದ್ದರೆ ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಕನಿಷ್ಠ, ಗರಿಷ್ಠ ಅಂಕಿಗಳ ಮಧ್ಯವನ್ನೇ ನಡುವೆಂದು ಹಿಡಿಯುತ್ತದೆ. ವಾಡಿಕೆಯಿಂದ ಆದ ಶೇಕಡಾ ವ್ಯತ್ಯಾಸ ಕನಿಷ್ಠ −70, ಗರಿಷ್ಠ +210 ಇದ್ದರೆ ಆ ನಡು +70. ಆಗ ವಾಡಿಕೆಯಷ್ಟೇ ಮಳೆ ಬಿದ್ದ ಜಿಲ್ಲೆಯೂ ಬರ ಬಿದ್ದಂತೆ ಕಾಣುತ್ತದೆ.

ಮೊದಲು ಅಂಕಿ ಎಂಥದ್ದೆಂದು ನೋಡಿ. ಮಿಲಿಮೀಟರ್ ಲೆಕ್ಕದ ಒಟ್ಟು ಮಳೆಗೆ ಈ ಸ್ಕೇಲ್ ಬೇಡ. ರಾಜ್ಯದ ಸರಾಸರಿಯನ್ನು ನಡುವಿಗಿಟ್ಟರೆ ಕರಾವಳಿ ಪ್ರತಿ ವರ್ಷವೂ ಹಸಿರು, ಚಿತ್ರದುರ್ಗ ಪ್ರತಿ ವರ್ಷವೂ ಕಂದು. ಓದುಗರಿಗೆ ಹೊಸದೇನೂ ತಿಳಿಯುವುದಿಲ್ಲ. ವಾಡಿಕೆಯಿಂದ ಆದ ಶೇಕಡಾವಾರು ವ್ಯತ್ಯಾಸಕ್ಕಾದರೆ ಸೊನ್ನೆಯೇ ಸಹಜವಾದ ನಡು.

ಬಣ್ಣಕ್ಕೆ ಮ್ಯಾಟ್‌ಪ್ಲಾಟ್‌ಲಿಬ್‌ನ ಸಿದ್ಧ ಬಣ್ಣಸರಣಿ 'ಬಿಆರ್‌ಬಿಜಿ' (BrBG) ಒಳ್ಳೆಯದು. ಕಡಿಮೆ ಅಂಕಿಗೆ ಕಂದು, ಹೆಚ್ಚಿಗೆ ನೀಲಿಹಸಿರು. ಕೆಂಪು-ಹಸಿರು ಜೋಡಿ ಬೇಡವೇ ಬೇಡ, ವರ್ಣಾಂಧತೆ ಇರುವ ಅನೇಕರಿಗೆ ಎರಡೂ ಒಂದೇ ಥರ ಕಾಣುತ್ತವೆ. 'ಆರ್‌ಡಿಬಿಯು' (RdBu) ಬಳಸಿದರೆ ಕಡಿಮೆ ಅಂಕಿ ಕೆಂಪು, ಹೆಚ್ಚು ಅಂಕಿ ನೀಲಿ. ಮಳೆಗೆ ಅದು ಸರಿ. ತಾಪಮಾನಕ್ಕೆ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಆರ್ ಸೇರಿಸಿ ತಿರುಗಿಸಬೇಕು.

ಕಷ್ಟ ಇರುವುದು ಮಿತಿ ಹಾಕುವಲ್ಲಿ. ಕೊರತೆ −100ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹೆಚ್ಚಳಕ್ಕೆ ಮಾತ್ರ ಮೇಲ್ಮಿತಿಯಿಲ್ಲ. ಒಂದು ಜಿಲ್ಲೆಯಲ್ಲಿ +250 ಬಂತೆನ್ನಿ. ಅಂಕಿಯನ್ನು ಬಣ್ಣಕ್ಕೆ ಹೊಂದಿಸುವ 'ಸೆಂಟರ್ಡ್‌ನಾರ್ಮ್' ಎರಡೂ ಕಡೆ 250 ಇಡುತ್ತದೆ. ಆಗ −60ರಷ್ಟು ಭಾರಿ ಕೊರತೆಯೂ ಬಿಳಿಗೆ ಹತ್ತಿರದ ಬಣ್ಣಕ್ಕೆ ಬಂದು ಬರವೇ ಮರೆಯಾಗುತ್ತದೆ. 'ಟೂಸ್ಲೋಪ್‌ನಾರ್ಮ್' ಎರಡು ಬದಿಗಳನ್ನೂ ಬೇರೆ ಬೇರೆ ಹಿಗ್ಗಿಸುತ್ತದೆ. ಮಿತಿ −100, +250 ಇದ್ದರೆ ಅಲ್ಲಿ −50 ಮತ್ತು +125ಕ್ಕೆ ಒಂದೇ ಗಾಢತೆ. ಗರಿಷ್ಠ ಮಿತಿಯನ್ನು ಡೇಟಾದಿಂದಲೇ ಎತ್ತಿಕೊಟ್ಟಿದ್ದರೆ, ಎಲ್ಲ ಜಿಲ್ಲೆಗಳಲ್ಲೂ ಕೊರತೆಯಾದ ತಿಂಗಳಲ್ಲಿ ಆ ಮಿತಿ ಸೊನ್ನೆಗಿಂತ ಕೆಳಗಿಳಿದು 'ವ್ಯಾಲ್ಯೂಎರರ್' ಎಂಬ ದೋಷ ಬರುತ್ತದೆ. ಮಿತಿಯನ್ನು −100, +100 ಎಂದು ನೀವೇ ಕಟ್ಟಿಬಿಡಿ. ಬಣ್ಣಪಟ್ಟಿಗೆ 'ಎಕ್ಸ್‌ಟೆಂಡ್' ಆಯ್ಕೆಯಲ್ಲಿ 'ಮ್ಯಾಕ್ಸ್' ಕೊಟ್ಟರೆ ಮೇಲ್ತುದಿಯಲ್ಲಿ ಬಾಣ ಬರುತ್ತದೆ, 100 ದಾಟಿದ ಅಂಕಿಗಳೂ ಇವೆ ಎಂದು ಗೊತ್ತಾಗುತ್ತದೆ.

ಪತ್ರಿಕೆಯ ನಕ್ಷೆಗೆ ಇದಕ್ಕಿಂತಲೂ ಒಳ್ಳೆಯದು ಭಾರತೀಯ ಹವಾಮಾನ ಇಲಾಖೆಯ ವರ್ಗಗಳು. −19ರಿಂದ +19ರವರೆಗೆ ವಾಡಿಕೆ, −20ರಿಂದ −59 ಕೊರತೆ, −60ರಿಂದ −99 ಭಾರಿ ಕೊರತೆ. ಹೆಚ್ಚಳಕ್ಕೂ 20 ಮತ್ತು 60ರ ಗಡಿಗಳೇ. ಬಿಆರ್‌ಬಿಜಿಯಿಂದ ಐದು ಬಣ್ಣ ತೆಗೆದು, ಅಂಕಿಗಳನ್ನು ವರ್ಗಗಳಾಗಿ ವಿಂಗಡಿಸುವ 'ಬೌಂಡರಿನಾರ್ಮ್'ಗೆ ಈ ಗಡಿಗಳನ್ನು ಕೊಡಿ: −100, −59.5, −19.5, 19.5, 59.5, 1000. ಆ ಅರ್ಧಗಳು ಸುಮ್ಮನೆ ಅಲ್ಲ. ಬೌಂಡರಿನಾರ್ಮ್ ಗಡಿಯಲ್ಲಿರುವ ಅಂಕಿಯನ್ನು ಮೇಲಿನ ವರ್ಗಕ್ಕೆ ಸೇರಿಸುತ್ತದೆ. ಬರೀ −20 ಎಂದು ಬರೆದರೆ ಸರಿಯಾಗಿ −20 ಇರುವ ಕೊರತೆಯ ಜಿಲ್ಲೆ ವಾಡಿಕೆಯ ಸಾಲಿಗೆ ಹೋಗುತ್ತದೆ. ಇಲಾಖೆಯ ಅಂಕಿಗಳು ಪೂರ್ಣಾಂಕದಲ್ಲಿ ಇರುವುದರಿಂದ ಅರ್ಧದ ಗಡಿಗೆ ಯಾವುದೂ ಸಿಕ್ಕಿಬೀಳುವುದಿಲ್ಲ. ಕೊನೆಯ ಗಡಿ 1000 ಇಟ್ಟಿರುವುದೂ ಬೇಕೆಂದೇ. ಅದರ ಬದಲು 100 ಇಟ್ಟು ಬೌಂಡರಿನಾರ್ಮ್‌ಗೆ ಎಕ್ಸ್‌ಟೆಂಡ್‌ನಲ್ಲಿ 'ಮ್ಯಾಕ್ಸ್' ಕೊಟ್ಟರೆ ವರ್ಗಗಳು ಆರಾಗಿ, ಐದು ಬಣ್ಣ ಸಾಲುವುದಿಲ್ಲ; ಆರು ತೆಗೆದರೆ ವಾಡಿಕೆಯ ಬಣ್ಣ ನಡುವಿನಿಂದ ಜಾರಿ ಕಂದು ಛಾಯೆಗೆ ತಿರುಗುತ್ತದೆ.

ಪೈಥಾನ್‌ನಲ್ಲಿ ನಕ್ಷೆ ಬಿಡಿಸುವ ಜಿಯೊಪಾಂಡಾಸ್ ಡೇಟಾ ಇಲ್ಲದ ಜಿಲ್ಲೆಯನ್ನು ಬಿಡಿಸುವುದೇ ಇಲ್ಲ, ಹಿಂದಿನ ಬಿಳಿ ಕಾಣುತ್ತದೆ. ವಾಡಿಕೆಯ ಬಣ್ಣವೂ ಬಹುತೇಕ ಬಿಳಿಯೇ ಆದ್ದರಿಂದ ಎರಡೂ ಬೆರೆತುಹೋಗುತ್ತವೆ. 'ಮಿಸ್ಸಿಂಗ್ ಕೆಡಬ್ಲ್ಯೂಡಿಎಸ್' (missing_kwds) ಆಯ್ಕೆಯಲ್ಲಿ ಬೂದು ಬಣ್ಣ ಮತ್ತು ಗೆರೆಗಳನ್ನು ಹಾಕಿ.

ನಕ್ಷೆ ಕಪ್ಪು-ಬಿಳುಪು ಪುಟದಲ್ಲಿ ಅಚ್ಚಾಗುವುದಾದರೆ ಗಾಢ ಕಂದು, ಗಾಢ ಹಸಿರು ಎರಡೂ ಕಪ್ಪಾಗುತ್ತವೆ. ಅಂಥ ಪುಟಕ್ಕೆ ಪ್ರತಿ ಜಿಲ್ಲೆಯ ಮೇಲೂ ಪ್ಲಸ್ ಅಥವಾ ಮೈನಸ್ ಚಿಹ್ನೆಯೊಂದಿಗೆ ಅಂಕಿಯನ್ನೇ ಬರೆಯಿರಿ.