ಒಂದು ಸ್ಟಾರಿನ ರಿವ್ಯೂ ಹಿಡಿದು ಆ್ಯಪ್ ಸರಿಪಡಿಸಿದ ನನ್ನ ಅನುಭವ

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರಿಗಾಗಿ ನಾನು ಬರೆದ ತೂಕದ ಲೆಕ್ಕದ ಆ್ಯಪ್, ಕಳೆದ ಹಂಗಾಮಿನ ಕೊನೆಯ ಹೊತ್ತಿಗೆ ಪ್ಲೇ ಸ್ಟೋರ್‌ನಲ್ಲಿ 4.3ಕ್ಕೆ ಬಂದು ನಿಂತಿತು. ಅದಕ್ಕೆ ಒಂದೂವರೆ ವರ್ಷ ಮೊದಲು ಅದು 2.9ಕ್ಕೆ ಇಳಿದಿತ್ತು. ಬಳಸುವವರಿಂದ ಹೊಗಳಿಕೆಯ ಬದಲು ನ್ಯಾಯವಾದ ರಿವ್ಯೂ ಕೇಳುತ್ತೇನೆ ಎಂದು ಆಗ ಹೇಳಿದಾಗ ಜೊತೆಯ ಡೆವಲಪರ್ ಗೆಳೆಯರು ಯಾರೂ ಒಪ್ಪಲಿಲ್ಲ. ಜನ ಸಿಟ್ಟು ಬಂದರೆ ಒಂದು ಸ್ಟಾರ್ ಒತ್ತಿ ಆ್ಯಪ್ ತೆಗೆದುಹಾಕುತ್ತಾರೆ, ಕೂತು ಬರೆಯುವವರು ಯಾರಿದ್ದಾರೆ ಎಂಬುದು ಅವರ ವಾದವಾಗಿತ್ತು. ಜನ ಬರೆದರು, ಅದೂ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಬರೆದರು.

ಈ ಆ್ಯಪ್ ಜಿಪಿಎಲ್ 3 ಎಂಬ ಪರವಾನಗಿಯ ಅಡಿಯಲ್ಲಿರುವ, ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ ಸ್ವತಂತ್ರ ತಂತ್ರಾಂಶ. ಅದರಲ್ಲಿ ಜಾಹೀರಾತಿಲ್ಲ, ಬಳಸುವವರ ಬೆನ್ನು ಹತ್ತುವ ಟ್ರ್ಯಾಕರ್ ಇಲ್ಲ. ಡೆವಲಪರ್‌ಗಳಿಗೆ ಗೂಗಲ್ ಕೊಡುವ ಪ್ಲೇ ಕನ್ಸೋಲ್‌ನಲ್ಲಿ ಕಾಣುವ ಕ್ರ್ಯಾಶ್ ವರದಿ, ಅಂದರೆ ಆ್ಯಪ್ ತಾನಾಗಿ ಮುಚ್ಚಿಕೊಂಡದ್ದರ ವರದಿ, ಮಾಹಿತಿ ಹಂಚಲು ಒಪ್ಪಿದ ಫೋನ್‌ಗಳಿಂದಷ್ಟೇ ಬರುವುದರಿಂದ, ನನ್ನಂಥವನ ಚಿಕ್ಕ ಆ್ಯಪ್‌ಗೆ ಆ ಪುಟ ಬಹುಪಾಲು ಖಾಲಿಯೇ ಇರುತ್ತಿತ್ತು. ಹೀಗಾಗಿ ಹೊಲದ ಬದುವಿನಲ್ಲೋ ಮಂಡಿಯ ಜಗಲಿಯಲ್ಲೋ ಆ್ಯಪ್ ಹೇಗೆ ನಡೆಯುತ್ತಿದೆ ಎಂದು ನನಗೆ ತಿಳಿಯಲು ಇದ್ದ ದಾರಿ ರಿವ್ಯೂ ಒಂದೇ.

ಇಳಿತ ಶುರುವಾದದ್ದು ನಾನೇ ಮಾಡಿದ ಒಂದು ಸುಧಾರಣೆಯಿಂದ. ಒಂದೇ ಸಾಲಿನಲ್ಲಿ ‘62+61.5+63’ ಎಂದು ಚೀಲಗಳ ತೂಕ ಬರೆಯಲು ಅನುಕೂಲವಾಗಲಿ ಎಂದು ಅಂಕಿಯ ಪೆಟ್ಟಿಗೆಯನ್ನು ಪಠ್ಯದ ಪೆಟ್ಟಿಗೆಯಾಗಿ ಬದಲಿಸಿದೆ. ಎರಡು ವಾರದೊಳಗೆ ಹತ್ತು ಹನ್ನೆರಡು ಒಂದು ಸ್ಟಾರಿನ ರಿವ್ಯೂ ಬಂದವು. ‘ವೇಸ್ಟ್’, ‘ಓಪನ್ ಆಗಲ್ಲ’ ಎಂಬಂಥವೇ ಎಲ್ಲ. ನನ್ನ ಫೋನಿನಲ್ಲಿ ಎಲ್ಲವೂ ಸರಿಯಾಗಿತ್ತು. ಇನ್ನೊಂದು ಹಳೆಯ ಫೋನನ್ನು ಸುಮಾರು 3,500 ರೂಪಾಯಿಗೆ ಕೊಂಡು ನೋಡಿದೆ, ಅದರಲ್ಲೂ ಸರಿಯಾಗಿತ್ತು. ಕೊನೆಗೆ ಜಗಳೂರು ಕಡೆಯ ಒಬ್ಬ ರೈತರು ಒಂದೇ ಸ್ಟಾರ್ ಕೊಟ್ಟು, ‘ಅರ್ಧ ಕೆಜಿ ಹಾಕಿದ್ರೆ ಮುಚ್ಕಂತತಿ, ಪೂರ್ತಿ ಕೆಜಿ ಹಾಕಿದ್ರೆ ಸರಿ ಐತಿ’ ಎಂದು ಬರೆದರು. ಆ ಒಂದು ವಾಕ್ಯದಿಂದ ಒಂದು ರಾತ್ರಿಯಲ್ಲಿ ದೋಷ ಸಿಕ್ಕಿತು. ಪಠ್ಯದ ಪೆಟ್ಟಿಗೆಯಾದ ಮೇಲೆ ಅವರ ಕನ್ನಡ ಕೀಲಿಮಣೆ ತೆರೆದುಕೊಂಡು, ಅವರು ‘೬೨.೫’ ಎಂದು ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದರು. ಆ್ಯಪ್ ಬರೆದ ಜಾವಾ ಭಾಷೆಯಲ್ಲಿ ಪೂರ್ಣಾಂಕ ಓದುವ ಪಾರ್ಸ್‌ಇಂಟ್ ಕನ್ನಡ ಅಂಕಿಗಳನ್ನು ಒಪ್ಪಿಕೊಳ್ಳುತ್ತದೆ, ದಶಮಾಂಶ ಓದುವ ಪಾರ್ಸ್‌ಡಬಲ್ ಒಪ್ಪುವುದಿಲ್ಲ. ಓದುವ ಮೊದಲು ಅಂಕಿಗಳನ್ನು ಬದಲಿಸುವ ನಾಲ್ಕು ಸಾಲು ಸೇರಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಸ್ಟಾರ್ ಒಂದೇ ಇದ್ದರೂ ನನ್ನ ಲೆಕ್ಕದಲ್ಲಿ ಅದು ನ್ಯಾಯವಾದ ರಿವ್ಯೂ, ಏಕೆಂದರೆ ಕೆಟ್ಟದ್ದು ಯಾವುದು, ಸರಿಯಿರುವುದು ಯಾವುದು ಎಂಬ ಎರಡನ್ನೂ ಅದು ಹೇಳಿತ್ತು.

ಅಷ್ಟರೊಳಗೆ ನಾನು ಕಳೆದುಕೊಂಡ ಹಣ ಮತ್ತು ಸಮಯ ಕಡಿಮೆಯಲ್ಲ. ಪಿ.ಬಿ. ರಸ್ತೆಯಲ್ಲಿ ಸುಮಾರು 1,200 ರೂಪಾಯಿ ಕೊಟ್ಟು ಕರಪತ್ರ ಮುದ್ರಿಸಿ ಮಾರುಕಟ್ಟೆಯಲ್ಲಿ ಹಂಚಿದ್ದಕ್ಕೆ ಬಂದದ್ದು ಮೂರು ರಿವ್ಯೂ. ಗೆಳೆಯರು, ನೆಂಟರು ಪ್ರೀತಿಯಿಂದ ಕೊಟ್ಟ ಇಪ್ಪತ್ತರಷ್ಟು ಐದು ಸ್ಟಾರುಗಳು ಸರಾಸರಿಯನ್ನು ಎರಡು ವಾರ ಎತ್ತಿ ಹಿಡಿದು, ನಿಜವಾದ ದೋಷವನ್ನು ಅಷ್ಟು ದಿನ ಮುಚ್ಚಿಟ್ಟವು. ನೂರು ರಿವ್ಯೂಗೆ ಎರಡೂವರೆ ಸಾವಿರ ಎಂದು ಒಬ್ಬರು ಫೋನ್ ಮಾಡಿದ್ದರು. ಹಣ ಕೊಟ್ಟು ಬರೆಸುವುದು ಪ್ಲೇ ಸ್ಟೋರ್‌ನ ನಿಯಮಕ್ಕೆ ವಿರುದ್ಧ ಎನ್ನುವುದಕ್ಕಿಂತ, ತೂಕದ ಲೆಕ್ಕವನ್ನು ಆ ಸ್ಟಾರ್ ನಂಬಿ ನಮ್ಮ ಆ್ಯಪ್‌ಗೆ ಒಪ್ಪಿಸುವ ರೈತನಿಗೆ ಅದು ಮೋಸ ಎಂಬ ಕಾರಣಕ್ಕೆ ನಾನು ಬೇಡವೆಂದೆ. ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೆ. ‘ಆ್ಯಪ್ ಇಷ್ಟವಾಯಿತೇ’ ಎಂದು ಕೇಳಿ, ಹೌದು ಎಂದವರನ್ನು ಮಾತ್ರ ರಿವ್ಯೂಗೆ ಕಳಿಸುತ್ತಿದ್ದೆ. ಗೂಗಲ್‌ನ ಮಾರ್ಗಸೂಚಿ ಹೀಗೆ ಮೊದಲೇ ಕೇಳುವುದನ್ನು ಬೇಡವೆನ್ನುತ್ತದೆ. ನನಗಂತೂ ಅದು ಬೇಕಾದ ದೂರುಗಳನ್ನೇ ಹೊರಗೆ ತಳ್ಳುವ ಜರಡಿಯಾಗಿತ್ತು, ಎರಡು ತಿಂಗಳ ನಂತರ ತೆಗೆದುಹಾಕಿದೆ.

ಫಲ ಕೊಟ್ಟದ್ದು ಉತ್ತರ ಬರೆಯುವ ಕೆಲಸ. ಪ್ರತಿ ರಿವ್ಯೂಗೂ, ‘ವೇಸ್ಟ್’ ಎಂದವರಿಗೂ, ಒಂದೇ ಒಂದು ಪ್ರಶ್ನೆ ಕೇಳಿದೆ: ಏನು ಒತ್ತಿದಾಗ ಹೀಗಾಯಿತು? ಉತ್ತರಕ್ಕೆ ಇರುವ ಮಿತಿ 350 ಅಕ್ಷರ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುವುದರಿಂದ ಎರಡನೆಯ ಪ್ರಶ್ನೆಗೆ ಜಾಗವೇ ಉಳಿಯುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು. ದೋಷ ಸರಿಯಾದ ದಿನ ಅದೇ ಉತ್ತರವನ್ನು ತಿದ್ದಿ, ಯಾವ ಆವೃತ್ತಿಯಲ್ಲಿ ಸರಿಯಾಗಿದೆ ಎಂದು ಬರೆದೆ, ಸ್ಟಾರ್ ಹೆಚ್ಚಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಸ್ಟಾರ್ ಕೊಟ್ಟಿದ್ದ ನಲವತ್ತು ಜನರಲ್ಲಿ ಹದಿನೇಳೋ ಹದಿನೆಂಟೋ ಜನ ಮರಳಿ ಬಂದು ತಮ್ಮ ರಿವ್ಯೂ ಬದಲಿಸಿದರು. 2019ರಿಂದ ಪ್ಲೇ ಸ್ಟೋರ್ ಇತ್ತೀಚಿನ ರೇಟಿಂಗ್‌ಗೆ ಹೆಚ್ಚು ತೂಕ ಕೊಡುತ್ತಿರುವುದರಿಂದ ಸರಾಸರಿಯೂ ಬೇಗ ಮೇಲೆ ಬಂತು. ಆ್ಯಪ್‌ನೊಳಗೇ ರಿವ್ಯೂ ಕೇಳುವ ಕಾರ್ಡನ್ನು ಯಾವ ಲೆಕ್ಕ ಮುಗಿದ ಮೇಲೆ ತೋರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಇಡೀ ಹಂಗಾಮು ಹಿಡಿಯಿತು.

ಇದೇ ಆ್ಯಪನ್ನು ಸ್ವತಂತ್ರ ತಂತ್ರಾಂಶಗಳನ್ನಷ್ಟೇ ಇಡುವ ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಲ್ಲೂ ಇಟ್ಟು ನೋಡಿದೆ. ಅಲ್ಲಿ ಸ್ಟಾರ್ ಇಲ್ಲ, ರಿವ್ಯೂ ಇಲ್ಲ, ದೂರುಗಳು ನೇರವಾಗಿ ಕೋಡ್ ಇರುವಲ್ಲಿಗೆ ಬರುತ್ತವೆ. ಬಂದ ಆರು ದೂರುಗಳೂ ಅಚ್ಚುಕಟ್ಟಾಗಿದ್ದವು, ಆದರೆ ಬರೆದವರೆಲ್ಲ ನಮ್ಮಂಥ ಡೆವಲಪರ್‌ಗಳು, ಮೆಕ್ಕೆಜೋಳ ತೂಗಿಸಿದವರು ಒಬ್ಬರೂ ಇರಲಿಲ್ಲ.

ಹಣದ ವಿಷಯವನ್ನೂ ಹೇಳಬೇಕು. ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ತಮಗೆ ಬೇಕಾದ ಹಾಗೆ ಆ್ಯಪ್ ಬದಲಿಸಿಕೊಡಲು 15,000 ರೂಪಾಯಿ ಕೊಟ್ಟರು. ನನ್ನನ್ನೇ ಏಕೆ ಹುಡುಕಿ ಬಂದಿರಿ ಎಂದು ಕೇಳಿದಾಗ, ಐದು ಸ್ಟಾರಿನವನ್ನು ತಾವು ಓದಲೇ ಇಲ್ಲ, ಒಂದು ಮತ್ತು ಎರಡು ಸ್ಟಾರಿನವನ್ನೂ ಅವುಗಳ ಕೆಳಗಿನ ನನ್ನ ಉತ್ತರಗಳನ್ನೂ ಓದಿ ಬಂದೆ ಎಂದರು. ಜಗಳೂರು ಕಡೆಯ ಆ ರೈತರು ಈಗ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ. ತೇವಾಂಶದ ಕಡಿತವನ್ನು ಬೇರೆ ಸಾಲಿನಲ್ಲಿ ತೋರಿಸುವುದಿಲ್ಲ ಎಂಬುದು ಅವರ ಉಳಿದ ದೂರು. ಅದನ್ನು ಮುಂದಿನ ಸುಗ್ಗಿಯೊಳಗೆ ಮುಗಿಸುತ್ತೇನೆ ಎಂದು ಅವರ ರಿವ್ಯೂ ಕೆಳಗೆ ಬರೆದಿದ್ದೇನೆ.